ಪವಾಡಪುರುಷರಿಗೆ ನಾಲ್ಕು ತಾಲ್ಲೂಕಿನ ಅರ್ಜಿ

ಕುರುಡರು ನೋಡುವರು! ಕಿವುಡರು ಕೇಳುವರು! ಕುಂಟರು ಕುಣಿಯುವರು! ಬನ್ನಿ, ಬಿಡುಗಡೆ ಹೊಂದಿರಿ! ಪ್ರವೇಶ ಉಚಿತ!

ಈ ಧಾಟಿಯ ಪೋಸ್ಟರ್ ನಮ್ಮ ರಾಜ್ಯದ ಯಾವ ಬಸ್ ನಿಲ್ದಾಣದ ಗೋಡೆಗೂ ಹೊಸದಲ್ಲ. ಕುರುಡರು ಇದನ್ನು ಓದುವುದು ಹೇಗೆ, ಕಿವುಡರಿಗಾಗಿ ಆಟೋಕ್ಕೆ ಮೈಕ್ ಕಟ್ಟಿ ಕೂಗುವುದು ಏಕೆ ಎಂದೆಲ್ಲ ಕೇಳುವುದು ಅಧಿಕಪ್ರಸಂಗ. ಪೋಸ್ಟರಿನ ಮುಕ್ಕಾಲು ಭಾಗ ಕೋಟು-ಟೈ ಧರಿಸಿ ಆಕಾಶಕ್ಕೆ ಕೈಯೆತ್ತಿದ ‘ಅಭಿಷಿಕ್ತ ದೈವಸೇವಕ’ರದು. ಯೇಸುವಿಗೆ ಮೂಲೆಯಲ್ಲಿ ಒಂದಿಷ್ಟು ಜಾಗ, ಅದೂ ಪ್ರಾಯೋಜಕರ ಫೋಟೊ ಹಾಕಿ ಉಳಿದರೆ. ಏಪ್ರಿಲ್ ತಿಂಗಳ ಬಾಗಲಕೋಟೆ ಬಿಸಿಲಿನಲ್ಲಿ ಎರಡು ತಾಸು ಕೋಟು ಬಿಚ್ಚದೆ ನಿಲ್ಲುವುದು ಮಾತ್ರ ನಿಜವಾದ ಪವಾಡ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ.

ಇಷ್ಟೊಂದು ಶಕ್ತಿ ಇರುವವರು ಬೆನ್ನುನೋವು, ತಲೆಶೂಲೆಯಂಥ ಸಣ್ಣಪುಟ್ಟ ಕೆಲಸದಲ್ಲೇ ಆಯುಷ್ಯ ಕಳೆಯುವುದು ನಮಗೆ ಸರಿ ಕಾಣುತ್ತಿಲ್ಲ. ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಪರವಾಗಿ ಒಂದು ಅರ್ಜಿ. ಹಿಂದೆ ಬೈಬಲಿನಲ್ಲಿ ನಡೆದದ್ದು ಎಂದು ನೀವೇ ಸಾರುವ ಪವಾಡಗಳನ್ನು ಬಿಟ್ಟು ಹೊಸದೇನನ್ನೂ ನಾವು ಕೇಳುತ್ತಿಲ್ಲ.

ಮೊದಲು ಬೀಳಗಿ. ಮೋಶೆ ಕೈಚಾಚಿದಾಗ ಕೆಂಪು ಸಮುದ್ರ ಎರಡಾಗಿ ನಿಂತಿತು. ನಮ್ಮಲ್ಲಿ ಸಮುದ್ರವಿಲ್ಲ, ಆಲಮಟ್ಟಿಯ ಹಿನ್ನೀರಿದೆ. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಇರುವಾಗಲೇ ಹೊಲ-ಮನೆ ಹೋಗಿವೆ. 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ಹೋಗಲಿವೆ. ಹಿನ್ನೀರನ್ನು ಒಂದು ಹಂಗಾಮಿನ ಮಟ್ಟಿಗೆ ಇಬ್ಭಾಗ ಮಾಡಿಕೊಟ್ಟರೆ ಜೋಳ ಬಿತ್ತಿಕೊಳ್ಳುತ್ತೇವೆ. ಅದಾಗದಿದ್ದರೆ ಪರಿಹಾರದ ಕಡತಗಳನ್ನಾದರೂ ಎಬ್ಬಿಸಿ. ಲಾಜರನು ಸತ್ತು ನಾಲ್ಕು ದಿನವಾಗಿತ್ತು. ನಮ್ಮ ಕಡತಗಳದ್ದು ಅಷ್ಟು ಹೊಸ ಸಾವಲ್ಲ.

ಮುಧೋಳದ್ದು ಇನ್ನೂ ಸುಲಭ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾಯಿತು. ಇಲ್ಲಿ ಕಬ್ಬಿನ ಹಾಲು ಸಕ್ಕರೆಯಾಗುತ್ತದೆ, ಕಾಕಂಬಿ ಸ್ಪಿರಿಟ್ ಆಗುತ್ತದೆ. ಅದನ್ನೆಲ್ಲ ಕಾರ್ಖಾನೆಗಳೇ ಮಾಡಿಕೊಳ್ಳುತ್ತವೆ, ನೀವು ಬೇಕಿಲ್ಲ. ಕಬ್ಬಿನ ಬಿಲ್ಲು ರೊಕ್ಕ ಆಗಬೇಕು, ಅಷ್ಟೆ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆ 14 ದಿನವನ್ನು ನಿಜವಾಗಿ 14 ದಿನ ಮಾಡಿ ತೋರಿಸುವ ದೈವಸೇವಕರಿಗೆ ಮುಧೋಳದ ರೈತರು ಜಾತಿ-ಧರ್ಮ ನೋಡದೆ ಮೆರವಣಿಗೆ ಮಾಡುತ್ತಾರೆ.

ರಬಕವಿ-ಬನಹಟ್ಟಿಯವರದು ಮಗ್ಗದ ಅರ್ಜಿ. ಬಡವರಿಗೆ ಅಂಗಿ ಹೊಲಿದು ಕೊಡುತ್ತಿದ್ದ ತಬಿಥಾ ಎಂಬ ಹೆಣ್ಣುಮಗಳು ತೀರಿಕೊಂಡಾಗ ಪೇತ್ರನು ಬಂದು ಎಬ್ಬಿಸಿದನಂತೆ. ನೂಲಿನ ದರ ಏರಿ, ಸೀರೆಯ ದರ ಏರದೆ, ಲಟಕ್-ಪಟಕ್ ಸದ್ದು ನಿಂತ ಮಗ್ಗಗಳು ಇಲ್ಲಿ ಇವೆ. ಒಂದೊಂದೇ ಮಗ್ಗದ ತಲೆ ಮೇಲೆ ಕೈಯಿಟ್ಟು ಎಬ್ಬಿಸಿದರೂ ಸಾಕು.

ಇನ್ನು ಜಮಖಂಡಿ. ನೀರಿನ ಮೇಲೆ ನಡೆದು ತೋರಿಸುತ್ತೇವೆಂದು ಮಾತ್ರ ಬರಬೇಡಿ. ಬೇಸಿಗೆಯಲ್ಲಿ ಬತ್ತಿದ ಕೃಷ್ಣೆಯ ಮೇಲೆ ನಾವೂ ನಡೆದಿದ್ದೇವೆ, ದನಗಳನ್ನೂ ನಡೆಸಿದ್ದೇವೆ. ಆ ಬತ್ತಿದ ಹೊಳೆಯನ್ನು ನೋಡಲಾರದೆ ಈ ಭಾಗದ ರೈತರು ತಾವೇ ವಂತಿಗೆ ಹಾಕಿ, ತಾವೇ ಕಲ್ಲು-ಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರಂಥ ಹೆಗಡೆಯವರನ್ನೇ ಸೋಲಿಸಿದರು. ಪವಾಡ ಅಂದರೆ ಇಂಥದ್ದು ಇರಬೇಕು: ಅಲ್ಲಿ ನಡೆದದ್ದು ಎಲ್ಲರ ಕಣ್ಣೆದುರು, ಲೆಕ್ಕ ಊರಿಗೇ ಗೊತ್ತು, ನೀರು ಮಾತ್ರ ನಂಬಿದವರ ಹೊಲಕ್ಕೂ ನಂಬದವರ ಹೊಲಕ್ಕೂ ಹರಿಯಿತು.

ಈ ಅರ್ಜಿಗೆ ಉತ್ತರ ಬರುವುದಿಲ್ಲ. ಯಾಕೆಂದರೆ ಪವಾಡದ ಧಂದೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಅಳೆಯಲು ಬರುವ ಕೆಲಸಕ್ಕೆ ಕೈ ಹಾಕಬಾರದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಕಟ್ಟಿ, ಪುಟ್ಟಪರ್ತಿಯ ಬಾಬಾ ಅವರಿಗೆ ಕಾಗದದ ಮೇಲೆ ಕಾಗದ ಬರೆದರು. ಉಂಗುರ-ವಿಭೂತಿ ಬೇಡ, ತೋಳಿನಲ್ಲಿ ಬಚ್ಚಿಡಲಾಗದ ಒಂದು ಕುಂಬಳಕಾಯಿ ಸೃಷ್ಟಿಸಿ ಎಂಬುದು ಅವರ ಸವಾಲು. ಉತ್ತರ ಬರಲಿಲ್ಲ. ತಿರುವಲ್ಲದ ಮಾರ್ ತೋಮಾ ಸಭೆಯ ಪಾದ್ರಿಯ ಮಗ ಅಬ್ರಹಾಂ ಕೋವೂರ್ 1963ರಲ್ಲಿ ಶ್ರೀಲಂಕಾದಲ್ಲಿ ಕುಳಿತು ಲಕ್ಷ ರೂಪಾಯಿಯ ಪಂಥ ಒಡ್ಡಿದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಲಕ್ಷ ಯಾರ ಕೈಗೂ ಹೋಗಲಿಲ್ಲ. ಕುಂಬಳಕಾಯಿಯ ಮುಂದೆ ಎಲ್ಲ ಧರ್ಮದ ಪವಾಡಪುರುಷರೂ ಸಮಾನರು.

ವೇದಿಕೆಯ ಹತ್ತಿರ ಹೋಗಿ ನೋಡಿದರೆ ಕಸುಬಿನ ಅಚ್ಚುಕಟ್ಟುತನ ತಿಳಿಯುತ್ತದೆ. ಬಾಗಿಲಲ್ಲೇ ಬ್ಯಾಡ್ಜ್ ಹಾಕಿದ ಸ್ವಯಂಸೇವಕರು ನಗುಮುಖದಿಂದ ಹೆಸರು, ಊರು, ರೋಗ ಕೇಳಿ ಬರೆದುಕೊಳ್ಳುತ್ತಾರೆ. ಪೋಲಿಯೊ ಕಾಲಿನವರು, ಕೈ ಇಲ್ಲದವರು ಹಿಂದಿನ ಸಾಲಿಗೆ. ಮಂಡಿನೋವು, ಸೊಂಟನೋವು, ‘ಏನೋ ಒಂಥರಾ ಆಗತೈತ್ರಿ’ ಎನ್ನುವವರು ಮುಂದಿನ ಸಾಲಿಗೆ. ಕೀಬೋರ್ಡಿನವನು ಮಂದ್ರದಲ್ಲಿ ಶುರು ಮಾಡಿ ತಾರಕಕ್ಕೆ ಏರುವ ಹೊತ್ತಿಗೆ ಮೈ ಜುಮ್ಮೆಂದು, ನೋವು ಹತ್ತು ನಿಮಿಷ ಮರೆತುಹೋಗುವುದು ಯಾರಿಗಾದರೂ ಸಹಜ. ಆ ಹತ್ತು ನಿಮಿಷದಲ್ಲೇ ಮೈಕು ಬಾಯಿಗೆ ಬರುತ್ತದೆ, ‘ಸಾಕ್ಷಿ’ ದಾಖಲಾಗುತ್ತದೆ, ಯೂಟ್ಯೂಬಿಗೆ ಏರುತ್ತದೆ. ಮರುದಿನ ಬೆಳಗಿನ ಮಂಡಿನೋವಿಗೆ ಮೈಕಿಲ್ಲ. ಲೂರ್ದ್ ಕ್ಷೇತ್ರದಲ್ಲಿ ಗುಣವಾದವರು ಬಿಟ್ಟುಹೋದ ಊರುಗೋಲುಗಳ ರಾಶಿಯನ್ನು ನೋಡಿ, ಮರದ ಕಾಲು ಒಂದೂ ಇಲ್ಲವಲ್ಲ ಎಂಬ ಮಾತು ಎದ್ದದ್ದನ್ನು ಫ್ರೆಂಚ್ ಲೇಖಕ ಅನತೋಲ್ ಫ್ರಾನ್ಸ್ ದಾಖಲಿಸಿದ್ದಾನೆ. ನೂರು ವರ್ಷದ ಮೇಲಾಯಿತು, ಮರದ ಕಾಲಿನವರು ಇನ್ನೂ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಈ ಕಸುಬಿನ ಜಗದ್ಗುರು ಅಮೆರಿಕದ ಪೀಟರ್ ಪೊಪೊಫ್. ಸಾವಿರ ಜನರ ನಡುವೆ ಹೋಗಿ ಅಪರಿಚಿತರ ಹೆಸರು, ವಿಳಾಸ, ಕಾಯಿಲೆ ಹೇಳುತ್ತಿದ್ದ. ಪವಿತ್ರಾತ್ಮ ಕಿವಿಯಲ್ಲಿ ಹೇಳುತ್ತಾನೆ ಎಂದು ಜನ ನಂಬಿದ್ದರು. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿಯ ತಂಡ ರೇಡಿಯೊ ಸ್ಕ್ಯಾನರ್ ಇಟ್ಟು ಹುಡುಕಿದಾಗ ಕಿವಿಯಲ್ಲಿ ಹೇಳುತ್ತಿದ್ದದ್ದು ಅವನ ಹೆಂಡತಿ ಎಂದು ತಿಳಿಯಿತು. ಸಭಿಕರು ಬಾಗಿಲಲ್ಲಿ ತುಂಬಿ ಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಆಕೆ ಹಿಂದಿನಿಂದ ಓದುತ್ತಿದ್ದಳು. ಪರಲೋಕದ ಫ್ರೀಕ್ವೆನ್ಸಿ 39.17 ಮೆಗಾಹರ್ಟ್ಸ್ ಎಂಬುದು ಮನುಕುಲಕ್ಕೆ ಗೊತ್ತಾದದ್ದು ಹೀಗೆ. ಮರುವರ್ಷ ದಿವಾಳಿ ಅರ್ಜಿ ಹಾಕಿದ ಪೊಪೊಫ್ ಕೆಲವು ವರ್ಷಗಳ ಮೇಲೆ ‘ಪವಾಡದ ನೀರಿನ’ ಪೊಟ್ಟಣ ಹಿಡಿದು ಮತ್ತೆ ಟಿ.ವಿ.ಗೆ ಬಂದ. ಸತ್ತ ಧಂದೆ ಎದ್ದು ಬಂದದ್ದು ಮಾತ್ರ ಅವನ ಅಸಲಿ ಪುನರುತ್ಥಾನ.

ಇದು ಕ್ರೈಸ್ತರ ಕಥೆ ಮಾತ್ರ ಎಂದು ಪಕ್ಕದ ಮನೆಯವರು ನಕ್ಕು ಪುಳಕಗೊಳ್ಳುವುದು ಬೇಡ. 1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿಗಳೆಲ್ಲ ಹಾಲು ಕುಡಿದವು. 2012ರ ಮಾರ್ಚ್‌ನಲ್ಲಿ ಮುಂಬೈ ಇರ್ಲಾದ ವೇಲಂಕಣಿ ಮಾತೆಯ ಚರ್ಚಿನ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕಿತು. ಎರಡರ ಹಿಂದೆಯೂ ಇದ್ದದ್ದು ದೀಪದ ಬತ್ತಿ ಎಣ್ಣೆ ಹೀರುವಂಥ ಸೆಳೆತ. ಒಂದೆಡೆ ಚಮಚದ ಹಾಲು ಮೂರ್ತಿಯ ಮೈಯ ಗುಂಟ ಇಳಿಯಿತು, ಇನ್ನೊಂದೆಡೆ ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಗುಂಟ ಏರಿತು. ಭೌತವಿಜ್ಞಾನ ಮತಭೇದ ಮಾಡುವುದಿಲ್ಲ. ಮುಂಬೈಯ ಚರಂಡಿಯನ್ನು ತೋರಿಸಿಕೊಟ್ಟ ಸನಲ್ ಇಡಮರುಕು ಅವರ ಮೇಲೆ ಧಾರ್ಮಿಕ ಭಾವನೆಗೆ ಧಕ್ಕೆಯ 295ಎ ಕಲಮಿನ ದೂರು ಬಿದ್ದು, ಅವರು ಫಿನ್‌ಲೆಂಡಿಗೆ ಹೋಗಿ ನೆಲೆಸಬೇಕಾಯಿತು. ಪ್ಲಂಬರನ್ನು ಕರೆಯುವ ಬದಲು ಪೊಲೀಸರನ್ನು ಕರೆದರೆ ಹೀಗೇ ಆಗುವುದು. ಚರ್ಚಿನ ನಲ್ಲಿ ಸೋರಿತೆಂದರೆ ಯೇಸುವಿನ ಮಾನ ಹೋಗುವುದಿಲ್ಲ. ಸೋರಿದ ನೀರನ್ನು ತೀರ್ಥವೆಂದು ಬಾಟಲಿಗೆ ತುಂಬಿಸಿಕೊಂಡಾಗ ಹೋಗುತ್ತದೆ.

ಇಲ್ಲಿಯವರೆಗೆ ನಗಬಹುದು. ಮುಂದೆ ನಗು ಬರುವುದಿಲ್ಲ.

ಈ ಶತಮಾನದ ಆರಂಭದಲ್ಲಿ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿ ಬಾಗಲಕೋಟೆಯೂ ಇತ್ತು. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಗುಳಿಗೆ ಕೊಡಲು ಶುರು ಮಾಡಿದ ಮೇಲೆ, ಸಾವಿಗೆ ದಿನ ಎಣಿಸುತ್ತಿದ್ದ ಜನ ಎದ್ದು ಹೊಲಕ್ಕೆ, ಮಗ್ಗಕ್ಕೆ ಮರಳಿದರು. ಗುಳಿಗೆ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ಸಿನ ಸಂಖ್ಯೆ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಪವಾಡದ ವ್ಯಾಪಾರಿಗೆ ಬೇಕಾದದ್ದು ಈ ಕಾಗದವೇ. ‘ನೋಡಿರಿ, ವೈರಸ್ ಇಲ್ಲ, ಸ್ತೋತ್ರ!’ ಎಂದು ಅದನ್ನು ವೇದಿಕೆಯ ಮೇಲೆ ಅಲ್ಲಾಡಿಸಿ, ಇನ್ನು ಗುಳಿಗೆ ಏಕೆ, ಅದು ಅವಿಶ್ವಾಸದ ಗುರುತಲ್ಲವೇ ಎಂದರೆ ಮುಗಿಯಿತು. ಗುಳಿಗೆ ಬಿಟ್ಟ ಕೆಲವು ವಾರಗಳಲ್ಲಿ ವೈರಸ್ ಮರಳುತ್ತದೆ, ಈ ಸಲ ಔಷಧಕ್ಕೆ ಜಗ್ಗದ ಹಾಗೆ ಬಲಿತು ಬಂದರೂ ಬರಬಹುದು. ಅರ್ಧಕ್ಕೆ ಬಿಟ್ಟ ಕ್ಷಯದ ಔಷಧಿ, ನಿಲ್ಲಿಸಿದ ಮೂರ್ಛೆರೋಗದ ಮಾತ್ರೆ, ಕಸಕ್ಕೆ ಎಸೆದ ಇನ್ಸುಲಿನ್ ಎಲ್ಲದರದ್ದೂ ಇದೇ ದಾರಿ. ದೂರದ ಕೀನ್ಯಾದ ಶಕಹೋಲಾ ಕಾಡಿನಲ್ಲಿ, ಉಪವಾಸ ಮಾಡಿ ಸತ್ತರೆ ಯೇಸುವನ್ನು ಕಾಣಬಹುದೆಂದು ನಂಬಿದವರ 400ಕ್ಕೂ ಹೆಚ್ಚು ಹೆಣಗಳನ್ನು 2023ರಿಂದ ಅಗೆದು ತೆಗೆದರು. 2020ರಲ್ಲಿ ದಕ್ಷಿಣ ಕೊರಿಯಾದ ಒಂದು ಚರ್ಚು ಕೊರೊನಾ ಹೋಗಲೆಂದು ಭಕ್ತರ ಬಾಯಿಗೆಲ್ಲ ಒಂದೇ ಬಾಟಲಿಯಿಂದ ಉಪ್ಪುನೀರು ಸಿಂಪಡಿಸಿ, 40ಕ್ಕೂ ಹೆಚ್ಚು ಮಂದಿಗೆ ಕೊರೊನಾವನ್ನೇ ಪ್ರಸಾದವಾಗಿ ಹಂಚಿತು.

ರೋಗ ವಾಸಿಯಾಗದೆ ಮರಳಿ ಬಂದವರಿಗೆ ಸಿಗುವ ಉತ್ತರ ಎಲ್ಲ ಕಡೆಯೂ ಒಂದೇ: ‘ನಿನ್ನ ವಿಶ್ವಾಸ ಸಾಲದು.’ ಎಂಥ ಅದ್ಭುತ ವ್ಯಾಪಾರ ನೋಡಿ. ವಾಸಿಯಾದರೆ ಕೀರ್ತಿ ದೈವಸೇವಕರಿಗೆ, ವಾಸಿಯಾಗದಿದ್ದರೆ ತಪ್ಪು ರೋಗಿಗೆ. ಕಾಣಿಕೆ ಮಾತ್ರ ಎರಡೂ ಸಲ ಡಬ್ಬಿಗೆ. ಹೊಟ್ಟೆನೋವಿನಿಂದ ಬಂದ ಹೆಣ್ಣುಮಗಳು ಹೊಟ್ಟೆನೋವಿನ ಜೊತೆಗೆ ಪಾಪಪ್ರಜ್ಞೆಯನ್ನೂ ಹೊತ್ತು ಮನೆಗೆ ಹೋಗುತ್ತಾಳೆ. ಮಗು ಉಳಿಯಲಿಲ್ಲ, ನನ್ನ ಪ್ರಾರ್ಥನೆಯಲ್ಲೇ ಕೊರತೆಯಿತ್ತು ಎಂದು ತಾಯಿ ಜೀವನವಿಡೀ ತನ್ನನ್ನೇ ಹಳಿದುಕೊಳ್ಳುತ್ತಾಳೆ. ನಾಸ್ತಿಕರು ಇಷ್ಟು ಪರಿಣಾಮಕಾರಿಯಾಗಿ ಯಾವ ಕ್ರೈಸ್ತನ ನಂಬಿಕೆಯನ್ನೂ ಮುರಿದ ಉದಾಹರಣೆಯಿಲ್ಲ. ಅವರು ಬುದ್ಧಿಗೆ ಪ್ರಶ್ನೆ ಹಾಕುತ್ತಾರೆ, ಇವರು ಎದೆಗೇ ಕೈ ಹಾಕುತ್ತಾರೆ.

ಇಷ್ಟೆಲ್ಲ ಯಾರ ಹೆಸರಿನಲ್ಲಿ ನಡೆಯುತ್ತಿದೆಯೋ ಅವನ ಪುಸ್ತಕವನ್ನು ಪೋಸ್ಟರ್ ಅಂಟಿಸುವವರು ಒಮ್ಮೆ ಬಿಡಿಸಿ ನೋಡಬಹುದಿತ್ತು. ಕಲ್ಲನ್ನು ರೊಟ್ಟಿ ಮಾಡು, ದೇವಾಲಯದ ತುದಿಯಿಂದ ಹಾರಿ ತೋರಿಸು ಎಂದು ಯೇಸುವಿಗೆ ಸಲಹೆ ಕೊಟ್ಟವನು ಸೈತಾನ. ಯೇಸು ಒಪ್ಪಲಿಲ್ಲ. ಇವತ್ತಿನ ಇವೆಂಟ್ ಮ್ಯಾನೇಜರುಗಳು ಸೈತಾನನ ಆ ಸಲಹೆಯನ್ನು ಯೇಸುವಿನ ಹೆಸರಿನಲ್ಲೇ ಜಾರಿಗೆ ತಂದಿದ್ದಾರೆ. ವಾಸಿಯಾದ ಕುಷ್ಠರೋಗಿಗೆ ಯಾರಿಗೂ ಹೇಳಬೇಡ ಎಂದ ಗುರು ಅವನು. ಶಿಷ್ಯರು ಡ್ರೋನ್ ಕ್ಯಾಮೆರಾ ಬಾಡಿಗೆಗೆ ತರುತ್ತಾರೆ. ಹತ್ತು ಮಂದಿ ಕುಷ್ಠರೋಗಿಗಳಿಗೆ, ಹೋಗಿ ಯಾಜಕರಿಗೆ ಮೈ ತೋರಿಸಿ ಎಂದ. ಅಂದಿನ ಕಾಲದಲ್ಲಿ ರೋಗ ಹೋಗಿದೆ ಎಂದು ಪ್ರಮಾಣಪತ್ರ ಕೊಡುತ್ತಿದ್ದವರು ಅವರೇ. ಅಂದರೆ ತಪಾಸಣೆಗೆ ಯೇಸುವೇ ಕಳಿಸಿದ್ದ. ಇನ್ನು ಪೌಲನು ತನ್ನ ಸಂಗಡಿಗ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ, ತಿಮೊಥೆಯನ ಹೊಟ್ಟೆಯ ತೊಂದರೆಗೆ ಕೈಯಿಟ್ಟು ಕೂಗದೆ ತುಸು ದ್ರಾಕ್ಷಾರಸ ಕುಡಿ ಎಂದು ಬರೆದ. ಸುವಾರ್ತೆ ಬರೆದ ಲೂಕನು ವೈದ್ಯ.

ಕಾಣಿಕೆ ಡಬ್ಬಿಯ ಮೇಲೆ ಅಂಟಿಸಬೇಕಾದ ಕಥೆಯೂ ಅದೇ ಪುಸ್ತಕದಲ್ಲಿದೆ. ಪ್ರವಾದಿ ಎಲೀಷನು ನಾಮಾನನೆಂಬ ಸೇನಾಪತಿಯ ಕುಷ್ಠವನ್ನು ವಾಸಿ ಮಾಡಿ ಒಂದು ಕಾಸೂ ಮುಟ್ಟಲಿಲ್ಲ. ಸೇವಕ ಗೇಹಜಿ ಹಿಂದಿನಿಂದ ಓಡಿ ಸುಳ್ಳು ಹೇಳಿ ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ವಸೂಲಿ ಮಾಡಿದ. ನಾಮಾನನ ಕುಷ್ಠ ಗೇಹಜಿಗೆ ಅಂಟಿತು. ದಶಮಾಂಶದ ವಾಕ್ಯವನ್ನು ಕಂಠಪಾಠ ಮಾಡಿಸುವವರು ಗೇಹಜಿಯ ಅಧ್ಯಾಯ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚುತ್ತಾರೆ.

ಖೊಟ್ಟಿ ಪವಾಡ ಮಾಡುವ ಇನ್ನೊಂದು ಅನ್ಯಾಯವಿದೆ. ಅದು ಕ್ರೈಸ್ತರು ಈ ನೆಲದಲ್ಲಿ ನಿಜವಾಗಿ ಮಾಡಿದ್ದನ್ನು ಮರೆಸುತ್ತದೆ. ಜಮಖಂಡಿ, ರಬಕವಿ ಕಡೆ ರೋಗಿ ಕೈಮೀರಿದರೆ ಇಂದಿಗೂ ‘ಮಿರಜಿಗೆ ಒಯ್ಯಿರಿ’ ಎನ್ನುತ್ತಾರೆ. ಮಿರಜ್‌ಗೆ ಆ ಹೆಸರು ಗಾಳಿಯಲ್ಲಿ ಬಂದದ್ದಲ್ಲ. 1889ರಲ್ಲಿ ಭಾರತಕ್ಕೆ ಬಂದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದು, ಕಣ್ಣಿನ ಪೊರೆ ತೆಗೆದು, ಗಡ್ಡೆ ಕೊಯ್ದು, ಊರಿನ ಹುಡುಗರಿಗೂ ವೈದ್ಯಕೀಯ ಕಲಿಸಿದ. ಅವನ ಕಾಲದಲ್ಲೂ ಕುರುಡರು ನೋಡಿದರು, ಕತ್ತರಿ-ಸೂಜಿಯಿಂದ ನೋಡಿದರು. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಗದಗ ಸೀಮೆಯ ಜನ ಜರ್ಮನ್ ದವಾಖಾನೆ ಎಂದೇ ಕರೆದರು. ನಮ್ಮ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಕಾರರ ನಡುವೆ ಅದೇ ಮಿಷನ್ ಹತ್ತೊಂಬತ್ತನೇ ಶತಮಾನದಲ್ಲೇ ನೆಲೆಯೂರಿತ್ತು. ಅವರಿಗೂ ಮತಾಂತರದ ಆಸೆಯಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗುಳಿಗೆ ಕೊಟ್ಟು ಪ್ರಾರ್ಥನೆ ಮಾಡಿದರು, ಪ್ರಾರ್ಥನೆ ಮಾಡಿ ಗುಳಿಗೆ ಕಸಿಯಲಿಲ್ಲ.

ಪೆಟ್ಟು ಬೀಳುವುದೂ ಪವಾಡ ಮಾಡಿದವನಿಗಲ್ಲ. ಅವನು ರಾತ್ರಿಯೇ ಕಾರು ಹತ್ತಿ ಮುಂದಿನ ಜಿಲ್ಲೆಗೆ ಹೋಗಿರುತ್ತಾನೆ. ಭಾನುವಾರ ಬೆಳಿಗ್ಗೆ ಬೈಬಲನ್ನು ಚೀಲದಲ್ಲಿಟ್ಟುಕೊಂಡು ಮೌನವಾಗಿ ಆರಾಧನೆಗೆ ಹೋಗುವ ನೇಕಾರ, ಶಾಲೆ ಮಾಸ್ತರ, ದವಾಖಾನೆಯ ನರ್ಸಕ್ಕ ಇವರನ್ನು ಊರು ಅನುಮಾನದಿಂದ ನೋಡುತ್ತದೆ. ‘ನಿಮ್ಮವರೇ ಅಲ್ಲೇನು ಕುಂಟರನ್ನ ಕುಣಿಸಿದ್ದು?’ ಎಂಬ ಪ್ರಶ್ನೆಗೆ ಅವರು ತಲೆ ತಗ್ಗಿಸಬೇಕು. ಚರ್ಚಿನ ಗಾಜಿಗೆ ಕಲ್ಲು ಹುಡುಕುವವರಿಗೆ ಕಲ್ಲು ಆಯ್ದು ಕೊಡುವವನು ಈ ಪವಾಡಪುರುಷನೇ. ಒಬ್ಬರಿಗೆ ಇನ್ನೊಬ್ಬರು ಬೇಕು: ಇವನು ಇಲ್ಲದಿದ್ದರೆ ಅವರಿಗೆ ಭಾಷಣವಿಲ್ಲ, ಅವರು ಇಲ್ಲದಿದ್ದರೆ ಇವನಿಗೆ ಹುತಾತ್ಮನ ಪೋಸು ಇಲ್ಲ. ‘ಮೇರಾ ಯೇಶು ಯೇಶು’ ಎಂದು ದೇಶವೆಲ್ಲ ಅಣಕಿಸಿದ ಪಂಜಾಬಿನ ಬಜಿಂದರ್ ಸಿಂಗ್‌ಗೆ ಮೊಹಾಲಿ ನ್ಯಾಯಾಲಯ 2025ರಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಜೈಲಿಗೆ ಹೋದವನು ಅವನೊಬ್ಬ, ಗೇಲಿಗೆ ಸಿಕ್ಕಿದ್ದು ಯೇಸುವಿನ ಹೆಸರು.

ಕಾನೂನು ಇಲ್ಲವೇ? ಇದೆ. ಮಂತ್ರ, ತಾಯಿತ, ಕವಚಗಳಿಂದ ಇಂತಿಂಥ ರೋಗ ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಕರ್ನಾಟಕದ 2017ರ ಮೌಢ್ಯ ವಿರೋಧಿ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಅದರ ಪ್ರಕಾರ ಅಪರಾಧ. ಸಕ್ಕರೆ ಕಾಯಿಲೆ ಕಚ್ಚಿದವರ ಬಗ್ಗೆ ಅಷ್ಟು ಬಿಡಿಸಿ ಹೇಳಿಲ್ಲ. ಕಾಲವಾದ ಸಂತರ ಪವಾಡಗಳನ್ನು ಪ್ರಚಾರ ಮಾಡಲು ವಿನಾಯಿತಿಯೂ ಇದೆ. ಸರ್ಕಾರ ಎಲ್ಲ ಧರ್ಮದ ಮತಗಳನ್ನೂ ಎಣಿಸಿಯೇ ಕಾಯ್ದೆ ಬರೆಯುತ್ತದೆ.

ಹಾಗಾಗಿ ತಪಾಸಣೆ ಕ್ರೈಸ್ತರ ಮನೆಯೊಳಗಿಂದಲೇ ಶುರುವಾಗಬೇಕು, ಆ ಸಂಪ್ರದಾಯ ಅವರಲ್ಲಿ ಇದ್ದೇ ಇದೆ. 1858ರಿಂದ ಲೂರ್ದ್‌ನಲ್ಲಿ ಸಾವಿರಾರು ಮಂದಿ ಗುಣವಾದೆವೆಂದು ಬರೆಸಿದ್ದಾರೆ. ವೈದ್ಯರ ಸಮಿತಿ ವರ್ಷಗಟ್ಟಲೆ ಜಾಲಾಡಿದ ಮೇಲೆ ಚರ್ಚು ಪವಾಡವೆಂದು ಒಪ್ಪಿದ್ದು 70ರ ಆಸುಪಾಸು. ನಮ್ಮ ಮೈದಾನಗಳಲ್ಲಿ ಅಷ್ಟು ಪವಾಡ ಒಂದೇ ಸಂಜೆ, ಊಟಕ್ಕೆ ಮುಂಚೆಯೇ ಮುಗಿಯುತ್ತವೆ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಇಂಥ ಸುದ್ದಿಗಳ ಪರಿಶೀಲನೆಗೆ ಹೊಸ ನಿಯಮ ತಂದು ಇನ್ನಷ್ಟು ಬಿಗಿ ಮಾಡಿತು. ಮರು ತಿಂಗಳೇ ಇಟಲಿಯ ತ್ರೆವಿನ್ಯಾನೊದಲ್ಲಿ ಒಬ್ಬ ಹೆಣ್ಣುಮಗಳು ಸಾರಿದ ರಕ್ತದ ಕಣ್ಣೀರು ಸುರಿಸುವ ಮಾತೆಯ ಮೂರ್ತಿ, ತಾನಾಗಿ ಹೆಚ್ಚುವ ಪಿಜ್ಜಾ ಇತ್ಯಾದಿಗಳಲ್ಲಿ ದೈವಿಕವಾದದ್ದು ಏನೂ ಇಲ್ಲ ಎಂದು ತೀರ್ಮಾನಿಸಿತು. ಪಿಜ್ಜಾ ಹೆಚ್ಚಿಸಿದವಳನ್ನು ಪೋಪರೇ ನಂಬದಿರುವಾಗ, ಮಂಡಿನೋವು ಇಳಿಸಿದವನನ್ನು ಜಮಖಂಡಿಯ ವಿಶ್ವಾಸಿ ಪ್ರಶ್ನಿಸಿದರೆ ನರಕವೇನೂ ಬಾಯಿ ತೆರೆಯುವುದಿಲ್ಲ.

ಆದ್ದರಿಂದ ಓದುಗರಲ್ಲಿ, ವಿಶೇಷವಾಗಿ ಕ್ರೈಸ್ತ ಬಂಧುಗಳಲ್ಲಿ, ಒಂದು ವಿನಂತಿ. ಮುಂದಿನ ಸಲ ಪೋಸ್ಟರ್ ಕಂಡಾಗ ಮೂರು ಕಾಗದ ಕೇಳಿ: ಸಭೆಗೆ ಮುಂಚಿನ ವೈದ್ಯಕೀಯ ವರದಿ, ಆರು ತಿಂಗಳ ನಂತರದ ವರದಿ, ಕಾಣಿಕೆ ಡಬ್ಬಿಯ ಲೆಕ್ಕ. ಮೂರನ್ನೂ ಕೊಟ್ಟವನು ಸಿಕ್ಕರೆ ಅದೇ ಪವಾಡ. ಪ್ರಾರ್ಥನೆ ನಿಮ್ಮ ಹಕ್ಕು, ಅದನ್ನು ಯಾರೂ ಕಸಿಯಬಾರದು. ಗುಳಿಗೆಯೂ ನಿಮ್ಮ ಹಕ್ಕೇ, ಅದನ್ನೂ ಯಾರೂ ಕಸಿಯಬಾರದು. ಎರಡರಲ್ಲಿ ಒಂದನ್ನು ಬಿಡು ಎನ್ನುವವನಿಗೆ ವೈದ್ಯವೂ ಗೊತ್ತಿಲ್ಲ, ಯೇಸುವೂ ಗೊತ್ತಿಲ್ಲ.